ತುಟಿ ಕಾಣುವ ಹಾಗೆ ಮಾತಾಡಿ

ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊಲಗಳಲ್ಲಿ ಹತ್ತಿ ಬಿಡಿಸುವ ಎರಡನೆಯ ಸುತ್ತು ನಡೆದಿತ್ತು. ಮಿಲ್ಲಿನ ಹೊರಗೆ ಹತ್ತಿ ಹೇರಿದ ಗಾಡಿಗಳು, ಟ್ರ್ಯಾಕ್ಟರುಗಳು ರಸ್ತೆಯ ತಿರುವಿನ ತನಕ ಸಾಲುಗಟ್ಟಿ ನಿಂತಿದ್ದವು. ಗಾಳಿ ಬೀಸಿದಾಗಲೆಲ್ಲ ಬಿಳಿ ಎಳೆಗಳು ಹಾರಿ ಬಂದು ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡು, ಬೇಲಿಗೇ ತಲೆ ನರೆತಂತೆ ಕಾಣುತ್ತಿತ್ತು. ಒಳಗೆ ಜಿನ್ನುಗಳು ಬೆಳಕು ಹರಿಯುವ ಮೊದಲೇ ಓಡತೊಡಗಿದ್ದವು.

ಜಿನ್ನು ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಯಂತ್ರ. ಉದ್ದನೆಯ ಶೆಡ್ಡಿನಲ್ಲಿ ಎದುರುಬದುರಾಗಿ ಎರಡು ಸಾಲು. ಒಂದೊಂದು ಜಿನ್ನಿನ ಮುಂದೆಯೂ ಒಂದು ಹಲಗೆ, ಹಲಗೆಯ ಮೇಲೆ ಒಬ್ಬ ಹೆಂಗಸು. ಬುಟ್ಟಿಯಿಂದ ಹತ್ತಿ ಬಾಚಿ ಯಂತ್ರದ ಬಾಯಿಗೆ ತೆಳ್ಳಗೆ ಹರಡುತ್ತ ಉಣಿಸಬೇಕು. ಹೆಚ್ಚಾದರೆ ಯಂತ್ರದ ಬಾಯಿ ಕಟ್ಟುತ್ತದೆ, ಕಡಿಮೆಯಾದರೆ ಮೇಸ್ತ್ರಿಯ ಬಾಯಿ ಬಿಚ್ಚುತ್ತದೆ. ಅರಳೆ ಹಿಂದಿನಿಂದ ಹಾಳೆ ಹಾಳೆಯಾಗಿ ಇಳಿಯುತ್ತದೆ, ಕಾಳು ಕೆಳಗೆ ಉದುರುತ್ತದೆ. ಎಲ್ಲ ಜಿನ್ನುಗಳೂ ಒಟ್ಟಿಗೆ ಓಡುವಾಗ ಏಳುವ ಸದ್ದಿಗೆ ಹೊಸಬರು ಮೊದಲ ದಿನ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಹಳಬರಿಗೆ ಅಂಥದೊಂದು ಸದ್ದು ಇದೆಯೆಂಬುದೇ ಮರೆತುಹೋಗಿತ್ತು.

ದೊಡ್ಡಕ್ಕ ಹಳಬಳು. ಮದುವೆಯಾಗಿ ಬಂದ ವರ್ಷವೇ ಈ ಹಲಗೆ ಹತ್ತಿದವಳು, ಈಗ ಮೊಮ್ಮಗುವನ್ನು ಎತ್ತಿ ಆಡಿಸಿ ಬಂದು ಅದೇ ಹಲಗೆ ಹತ್ತುತ್ತಿದ್ದಳು. ಶೆಡ್ಡಿನೊಳಗೆ ಯಾರೂ ದನಿ ತೆಗೆದು ಮಾತಾಡುತ್ತಿರಲಿಲ್ಲ. ತೆಗೆದರೆ ತಮ್ಮ ದನಿ ತಮಗೇ ಮುಟ್ಟುತ್ತಿರಲಿಲ್ಲ. ಅಲ್ಲಿಯ ಮಾತೆಲ್ಲ ತುಟಿಯಲ್ಲಿ, ಕೈಯಲ್ಲಿ. ಮುಷ್ಟಿ ತಿರುವಿದರೆ ಜಿನ್ನು ಕಟ್ಟಿದೆ. ಹೊಟ್ಟೆ ಸವರಿದರೆ ಮಿಲ್ಲಿನ ಸಾಹುಕಾರ ಬರುತ್ತಿದ್ದಾನೆ. ಅಂಗೈಯನ್ನು ಕೆಳಮುಖ ಮಾಡಿ ಕೊಡವಿದರೆ ಬುಟ್ಟಿ ಖಾಲಿ. ಇಷ್ಟು ಗೊತ್ತಿದ್ದರೆ ಕೆಲಸಕ್ಕೆ ಸಾಕು. ಉಳಿದದ್ದಕ್ಕೆ ತುಟಿ ಇತ್ತು. ಯಾರ ಸೊಸೆ ಬಸುರಿ, ಯಾರ ಮೇಕೆ ಯಾರ ಹಿತ್ತಲು ಮೇಯಿತು, ಎಲ್ಲವೂ ಒಂದು ಜಿನ್ನಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿಹೋಗುತ್ತಿತ್ತು.

ಇದೇ ದೊಡ್ಡಕ್ಕನನ್ನು ಕಾಪಾಡಿದ್ದು. ಅವಳ ಕಿವಿ ಹೋಗಿತ್ತು. ಒಂದೇ ಸಲ ಹೋಗಿದ್ದಲ್ಲ. ಹೊಳೆಯ ದಂಡೆ ಕುಸಿದ ಹಾಗೆ, ಇವತ್ತು ಹಕ್ಕಿಯ ದನಿ, ನಾಳೆ ಮಗುವಿನ ಅಳು ಎಂದು ಒಂದೊಂದಾಗಿ ಜಾರಿ ಹೋಗಿತ್ತು. ಶೆಡ್ಡಿನೊಳಗೆ ಅವಳನ್ನು ಯಾರೂ ಕಂಡುಹಿಡಿಯುವ ಹಾಗಿರಲಿಲ್ಲ. ಹೊರಗೆ ಅವಳು ಮಿತಭಾಷಿಯಾದಳು. ಕರೆದರೂ ತಿರುಗದಿದ್ದಾಗ ಜನ ‘ವಯಸ್ಸಾಯ್ತು, ಜಂಬ ಬಂತು’ ಅಂದರು. ಅನ್ನಲಿ ಬಿಡು, ಕಿವುಡಿ ಅನ್ನುವುದಕ್ಕಿಂತ ಜಂಬಗಾತಿ ವಾಸಿ ಎಂದುಕೊಂಡಳು.

ಕಾರಣವಿತ್ತು. ಹೋದ ವರ್ಷದ ಹಂಗಾಮಿನಲ್ಲಿ ಒಂದು ಸಂಜೆ, ಉಳಿದ ಜಿನ್ನುಗಳೆಲ್ಲ ನಿಂತಿದ್ದಾಗ, ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಸಣ್ಣ ಆಳಿನ ಹೆಂಗಸೊಬ್ಬಳ ಜಿನ್ನಿನ ಬೆಲ್ಟು ಜಾರಿತು. ಅವಳು ತಲೆ ತಗ್ಗಿಸಿ ಹತ್ತಿ ಹರಡುತ್ತಿದ್ದಳು. ಹಿಂದಿನಿಂದ ಮೇಸ್ತ್ರಿ ಕೂಗಿದ, ಗಂಡಸರು ಕೂಗಿದರು, ಅವಳು ತಿರುಗಲೇ ಇಲ್ಲ. ಎರಡು ಬೆರಳಿನ ತುದಿ ಹೋಯಿತು. ಮಾರನೆಯ ದಿನ ಮೇಸ್ತ್ರಿ ಗೇಟಿನಲ್ಲೇ ಹೇಳಿದ: ‘ಕಿವುಡರನ್ನ ಜಿನ್ನಿನ ಮುಂದೆ ನಿಲ್ಲಿಸೋಕಾಗಲ್ಲಮ್ಮ, ನೀನು ಮನೇಲಿರು.’ ಬೆರಳಿಗೂ ಏನೂ ಸಿಗಲಿಲ್ಲ, ಕಿವಿಗೂ ಏನೂ ಸಿಗಲಿಲ್ಲ. ಅಂದಿನಿಂದ ಆ ಶೆಡ್ಡಿನಲ್ಲಿ ಎಲ್ಲರ ಕಿವಿಯೂ ಸರಿಯಾಗಿತ್ತು.

ದೊಡ್ಡಕ್ಕನ ಬಲಗಡೆಯ ಹಲಗೆಯ ಮೇಲೆ ಸೂಜಿ ನಿಲ್ಲುತ್ತಿದ್ದಳು. ಸೂಜಿ ಅವಳ ಓರಗಿತ್ತಿ, ಮೈದುನನ ಹೆಂಡತಿ. ಮಾತು ಚುಚ್ಚುತ್ತದೆಂದು ಆ ಹೆಸರು. ಇಬ್ಬರ ಮನೆಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಶೆಡ್ಡಿನಲ್ಲಿ ಕೆಲಸಕ್ಕೆ ಬೇಕಾದಷ್ಟು ಕೈಮಾತು ಇಬ್ಬರ ನಡುವೆ ನಡೆಯುತ್ತಿತ್ತು. ಮನೆಗೆ ಬಂದರೆ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ ಒಲೆಯ ಮೇಲಿನ ಕುದಿನೀರು ದೊಡ್ಡಕ್ಕನ ಕಾಲ ಮೇಲೆ ಚೆಲ್ಲಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಕೊಡದಲ್ಲಿ ತಣ್ಣೀರಿನ ಹನಿಯೂ ಇರಲಿಲ್ಲ. ಕುಂಟುತ್ತ ಗೋಡೆಯ ತನಕ ಹೋಗಿ ನೋಡಿದರೆ ಸೂಜಿ ಅಂಗಳದಲ್ಲಿ ಬೆನ್ನು ಹಾಕಿ ಕೂತು ತಲೆ ಬಾಚಿಕೊಳ್ಳುತ್ತಿದ್ದಾಳೆ. ‘ಏ ಸೂಜಿ, ಒಂದು ಚೊಂಬು ನೀರು ತಾರೇ’ ಎಂದು ಕೂಗಿದಳು. ಅಳುತ್ತ ಕೂಗಿದಳು. ಸೂಜಿ ಬಾಚಣಿಗೆಯ ಕೂದಲು ತೆಗೆದು ಸುತ್ತಿ ಬಿಸಾಡಿ, ಎದ್ದು, ಹಿಂದಿರುಗಿ ಕೂಡ ನೋಡದೆ ಒಳಗೆ ಹೋದಳು. ಸುಟ್ಟ ಗಾಯ ಒಂದು ತಿಂಗಳಿಗೆ ಮಾಗಿತು. ಆ ಬೆನ್ನು ಮಾತ್ರ ದೊಡ್ಡಕ್ಕನ ಕಣ್ಣಿನಿಂದ ಹೋಗಿರಲಿಲ್ಲ.

ಗುಬ್ಬಿಯ ಬೆರಳು ಹೋದ ಮೇಲೆಯೇ ಮಿಲ್ಲಿಗೆ ಸಂಘ ಬಂದದ್ದು. ತಂದವನು ಪಟ್ಟಣದ ಯೂನಿಯನ್ನಿನವನು, ಹಿಂದೆ ತಾನೂ ಮೂಟೆ ಹೊತ್ತವನು. ಅವನಿಗೊಂದು ಮೀಸೆಯಿತ್ತು. ಮೇಲ್ತುಟಿಯಿಂದ ಇಳಿದು ಕೆಳತುಟಿಯನ್ನೂ ಮುಚ್ಚಿ, ಉಣ್ಣುವಾಗ ಕೈಯಿಂದ ಪಕ್ಕಕ್ಕೆ ಸರಿಸಬೇಕಾದಂಥ ಮೀಸೆ. ಹೆಂಗಸರೆಲ್ಲ ಅವನನ್ನು ಮೀಸೆಯಣ್ಣ ಎನ್ನುತ್ತಿದ್ದರು. ಅವನು ಸಾಹುಕಾರನ ಮುಂದೆ ಇಟ್ಟದ್ದು ಎರಡೇ ಮಾತು. ಕೂಲಿ ಏರಬೇಕು, ಎಲ್ಲರ ಕಿವಿಯನ್ನೂ ಡಾಕ್ಟರು ಪರೀಕ್ಷೆ ಮಾಡಿ, ಕೆಟ್ಟವರಿಗೆ ಜಿನ್ನಿನಿಂದ ದೂರದ ಕೆಲಸವನ್ನು ಅದೇ ಕೂಲಿಗೆ ಕೊಡಬೇಕು.

ಎರಡನೆಯ ಮಾತಿಗೆ ದೊಡ್ಡಕ್ಕನ ಜೀವ ಬಾಯಿಗೆ ಬಂದಿತ್ತು. ಪರೀಕ್ಷೆ ಮಾತ್ರ ಆಗಿ ಬೇರೆ ಕೆಲಸ ಸಿಗದಿದ್ದರೆ? ಮೀಸೆಯಣ್ಣ ಒಬ್ಬೊಬ್ಬರನ್ನೇ ಕಂಡು, ಕಿವಿ ತೋರಿಸಿ ‘ಸರಿ ಇದೆಯೇನಮ್ಮ?’ ಎಂದು ವಿಚಾರಿಸಿದಾಗ, ‘ನನಗೇನಾಗಿದೆ, ಸೂಜಿ ಬಿದ್ದರೂ ಕೇಳ್ಸತ್ತೆ’ ಅಂದುಬಿಟ್ಟಿದ್ದಳು. ಎಲ್ಲರೂ ಅದನ್ನೇ ಅಂದಿದ್ದರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ರಜೆಯ ದಿನ ಶಾಲೆಯ ಕೋಣೆಯಲ್ಲಿ ಸಭೆ ನಡೆಯಿತು. ಮಕ್ಕಳ ಬೆಂಚುಗಳಲ್ಲಿ ಹೆಂಗಸರು ಮೊಣಕಾಲು ಮಡಚಿ ಕೂತರು. ಮೀಸೆಯಣ್ಣನಿಗೆ ನೆಗಡಿಯಾಗಿತ್ತು, ಕುತ್ತಿಗೆಗೆ ಸುತ್ತಿದ್ದ ಮಫ್ಲರು ಗಲ್ಲದ ತನಕ ಏರಿತ್ತು. ಕೈಯಲ್ಲೊಂದು ಕಾಗದ ಹಿಡಿದು ತಲೆ ತಗ್ಗಿಸಿ ಬಹಳ ಹೊತ್ತು ಮಾತಾಡಿದ. ದೊಡ್ಡಕ್ಕನಿಗೆ ಕಂಡದ್ದು ಮೀಸೆ ಒಂದೇ. ಅಳಿಲಿನ ಬಾಲದಂತೆ ಅದು ಏಳುತ್ತಿತ್ತು, ಬೀಳುತ್ತಿತ್ತು. ಅವಳು ಗಂಭೀರವಾಗಿ ತಲೆಯಾಡಿಸಿದಳು. ಅಕ್ಕಪಕ್ಕದವರೂ ಆಡಿಸುತ್ತಿದ್ದರು. ಕೊನೆಗೆ ಅವನು ತಲೆಯೆತ್ತಿ ಏನನ್ನೋ ಕೇಳಿದ. ಮುಂದಿನ ಬೆಂಚಿನಲ್ಲಿ, ಮಿಲ್ಲಿನಲ್ಲಿ ಕಾಳು ಗುಡಿಸುವ ಕಾಳಜ್ಜಿ ಕೈಯೆತ್ತಿದಳು. ಅವಳ ಹಿಂದಿನವಳು ಎತ್ತಿದಳು. ಬೆಂಚಿನಿಂದ ಬೆಂಚಿಗೆ ಕೈಗಳು ಎದ್ದುಕೊಂಡು ಬಂದವು. ದೊಡ್ಡಕ್ಕನೂ ಎತ್ತಿದಳು, ಸೂಜಿಯೂ ಎತ್ತಿದಳು. ಮೀಸೆಯಣ್ಣ ಸಂತೋಷದಿಂದ ಕೈ ಮುಗಿದ. ಕೂಲಿ ಏರಿತು ಅಂತ ಕಾಣುತ್ತೆ ಎಂದುಕೊಂಡು ಎಲ್ಲರೂ ಮನೆಗೆ ಹೋದರು.

ಒಪ್ಪಿದ್ದು ಏನನ್ನು ಎಂಬುದು ಮಾರನೆಯ ದಿನ ಗೇಟಿನಲ್ಲಿ ತಿಳಿಯಿತು. ಮೇಸ್ತ್ರಿಗೆ ಮೀಸೆಯಿರಲಿಲ್ಲ, ಬಾಯಿ ಅಗಲವಾಗಿತ್ತು. ಅವನ ಒಂದೊಂದು ಮಾತೂ ದೊಡ್ಡಕ್ಕನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

‘ಭೇಷ್! ಕೂಲಿ ಏರಿಸಿದ್ರೆ ಸಾಕು, ಕಿವಿ ಮಾತು ಬಿಡ್ತೀವಿ ಅಂತ ನೀವೇ ಕೈ ಎತ್ತಿದ್ರಂತಲ್ಲ. ನಾಳೆ ಮಧ್ಯಾಹ್ನ ಸಹಿ. ನಾಡಿದ್ದು ಸಾಹುಕಾರರೇ ಪರೀಕ್ಷೆ ಮಾಡ್ತಾರೆ. ಒಬ್ಬೊಬ್ಬರನ್ನೇ ಗೋಡೆ ಕಡೆ ಮುಖ ಮಾಡಿ ನಿಲ್ಲಿಸೋದು, ಹಿಂದಿಂದ ಗಂಟೆ ಬಾರಿಸೋದು. ತಿರುಗದೇ ಇದ್ದವರು ಬುತ್ತಿ ಗಂಟು ಎತ್ಕೊಂಡು ಮನೆಗೆ. ಗುಬ್ಬಿ ಥರ ಇನ್ನೊಂದು ತಲೆನೋವು ಬೇಡ ನಮಗೆ.’

ಆ ದಿನವೆಲ್ಲ ದೊಡ್ಡಕ್ಕನ ಕೈ ಹತ್ತಿ ಹರಡಿತು, ಮನಸ್ಸು ಮಾತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು. ಈ ಹಲಗೆ ಹೋದರೆ ಸುತ್ತಮುತ್ತ ಬೇರೆ ಕೆಲಸವಿಲ್ಲ. ಗಂಡನ ಬೆನ್ನು ಅರಳೆ ಒತ್ತಿ ಕಟ್ಟಿದ ಬೇಲು ಹೊತ್ತು ಹೊತ್ತು ಬಾಗಿದೆ. ಅವನೊಬ್ಬನ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ. ಅಳಿಯ ತೀರಿಕೊಂಡ ಮೇಲೆ ಮಗುವನ್ನೆತ್ತಿಕೊಂಡು ತವರಿಗೆ ಬಂದ ಮಗಳೂ ಇದೇ ಮನೆಯಲ್ಲಿದ್ದಾಳೆ.

ಸಂಜೆ ಗಂಡ ಅವಳ ಎದುರಿಗೇ ಬಂದು ಕೂತ. ಮನೆಯಲ್ಲಿ ಅವಳ ಗುಟ್ಟು ಬಲ್ಲವನು ಅವನೊಬ್ಬನೇ. ಬಲ್ಲೆನೆಂದು ಎಂದೂ ಹೇಳಿದವನಲ್ಲ. ಮಾತಾಡಬೇಕಾದರೆ ಎದುರಿಗೆ ಬಂದು ಕೂರುತ್ತಿದ್ದ, ಅಷ್ಟೆ.

‘ಗಂಟೆ ಬಾರಿಸ್ತಾರಂತೆ’ ಅಂದಳು.

‘ಕಾಲಿಗೆ ಒಂದು ದಾರ ಕಟ್ಕೋ. ಬಾರಿಸಿದ ಕೂಡಲೇ ನಾನು ಆ ಕಡೆಯಿಂದ ಎಳೀತೀನಿ.’

‘ನಗಬೇಡಿ. ಹೊಟ್ಟೆ ಉರೀತಿದೆ ನಂಗೆ.’

‘ಮೀಸೆಯಣ್ಣಂಗೆ ಹೇಳ್ಬಿಡು.’

‘ಹೇಳಿದ್ರೆ ನಾಳೆನೇ ಕೆಲಸ ಹೋಗತ್ತೆ. ಹೇಳದಿದ್ರೆ ನಾಡಿದ್ದು.’

ಗಂಡ ತಲೆ ಕೆರೆದುಕೊಂಡ. ‘ಹಾಗಾದ್ರೆ ಒಂದೇ ದಿನದ ಕೂಲಿಗೆ ಇಷ್ಟೊಂದು ಯೋಚನೆ ಯಾಕೆ ಮಾರಾಯ್ತಿ?’

ಅವಳು ಎದ್ದು ಅಂಗಳಕ್ಕೆ ಹೋದಳು. ಗೋಡೆಯ ಆಚೆ ಸೂಜಿ ಬೆನ್ನು ಹಾಕಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಇವಳ ಕಿವಿ ಸರಿಯಿದೆ, ಇವಳಿಗೇನು ಚಿಂತೆ, ಎಂದುಕೊಂಡು ದೊಡ್ಡಕ್ಕ ಒಳಗೆ ಬಂದಳು.

ಮರುದಿನ ಮಧ್ಯಾಹ್ನ ಜಿನ್ನುಗಳು ನಿಂತವು. ಊಟದ ಹೊತ್ತು. ಅಂಗಳದಲ್ಲಿ ಮೇಜು ಹಾಕಿಸಿ ಗುಮಾಸ್ತ ಕಾಗದ ಹರಡಿದ. ಮೇಸ್ತ್ರಿ ಪೆನ್ನು ಹಿಡಿದು ಪಕ್ಕದಲ್ಲಿ ನಿಂತ. ಹೆಂಗಸರು ಅರಳೆ ಮೆತ್ತಿದ ತಲೆಬಟ್ಟೆಗಳಲ್ಲೇ ಸುತ್ತ ನೆರೆದರು. ಮೀಸೆಯಣ್ಣ ಪೆನ್ನಿಗೆ ಕೈ ಚಾಚಿದ.

ದೊಡ್ಡಕ್ಕ ಯಾವಾಗ ನಡೆಯತೊಡಗಿದಳೋ ಅವಳಿಗೇ ತಿಳಿಯಲಿಲ್ಲ. ಮೇಜಿನ ಹತ್ತಿರ ಹೋಗಿ ಅವನೊಬ್ಬನಿಗೇ ಕೇಳುವಂತೆ ಮೆಲ್ಲಗೆ ಹೇಳಬೇಕೆಂದಿದ್ದಳು. ಆದರೆ ಯಂತ್ರ ನಿಂತ ಹೊತ್ತಿನಲ್ಲಿ ಅವಳಿಗೆ ತನ್ನ ದನಿಯ ಅಳತೆ ಗೊತ್ತಿರಲಿಲ್ಲ.

‘ಅಣ್ಣಾ, ನಂಗೆ ಕಿವಿ ಕೇಳ್ಸಲ್ಲ!’

ಶೆಡ್ಡಿನ ಮೇಲಿದ್ದ ಪಾರಿವಾಳಗಳು ಪಟಪಟನೆ ಹಾರಿದವು. ಗೇಟಿನಾಚೆ ಗಾಡಿಯ ಎತ್ತೊಂದು ತಲೆಯೆತ್ತಿತು. ಗುಮಾಸ್ತ ಕುರ್ಚಿಯಿಂದ ಅರ್ಧ ಎದ್ದ. ದೊಡ್ಡಕ್ಕ ಅದೇ ದನಿಯಲ್ಲಿ ಮುಂದುವರಿಸಿದಳು: ‘ಕೇಳತ್ತೆ ಅಂದಿದ್ದು ಸುಳ್ಳು. ಮೊನ್ನೆ ನೀವೇನು ಹೇಳಿದ್ರೋ ಒಂದೂ ಗೊತ್ತಾಗಿಲ್ಲ. ಸುಮ್ನೆ ಕೈ ಎತ್ತಿದೆ. ಈ ಜಿನ್ನೇ ನನ್ನ ಕಿವಿ ತಿಂದಿದ್ದು. ಕಿವಿ ಮಾತು ಬಿಡಬೇಡಿ.’

ಹೇಳಿ ಮುಗಿಸಿದಳು. ಯಾರಾದರೂ ಏನಾದರೂ ಅಂದರೋ ಇಲ್ಲವೋ, ತಿಳಿಯುವ ಬಗೆಯೇ ಅವಳಿಗಿರಲಿಲ್ಲ. ಕಂಡದ್ದು ಮೇಸ್ತ್ರಿಯ ನಗು. ಅವನು ಗೇಟಿನ ಕಡೆ ಬೆರಳು ತೋರಿಸುತ್ತಿದ್ದ.

ಆಗ ಗುಂಪಿನಿಂದ ಕಾಳಜ್ಜಿ ಪೊರಕೆ ಹಿಡಿದೇ ಮುಂದೆ ಬಂದಳು. ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಕಿವಿ ಮುಟ್ಟಿ, ಅಂಗೈ ಕೆಳಮುಖ ಮಾಡಿ ಕೊಡವಿದಳು. ಖಾಲಿ. ಇನ್ನೊಂದು ಕಿವಿ ಮುಟ್ಟಿದಳು. ಅದೂ ಖಾಲಿ.

ಅವಳ ಹಿಂದೆ ಇನ್ನೊಬ್ಬಳು ಕಿವಿ ಮುಟ್ಟಿದಳು. ಆಮೇಲೆ ಎಡಸಾಲಿನ ಮೂವರು ಒಟ್ಟಿಗೆ. ಯಾರೂ ಬಾಯಿ ಬಿಡಲಿಲ್ಲ. ಶೆಡ್ಡಿನ ಮಾತು ಅಂಗಳಕ್ಕೆ ಬಂದಿತ್ತು. ಕಿವಿಗೆ ಹೋದ ಕೈಗಳು ಕೆಳಗೆ ತಿರುಗಿ ಕೊಡವುತ್ತಲೇ ಇದ್ದವು. ಒಬ್ಬರನ್ನೊಬ್ಬರು ನೋಡಿಕೊಂಡು, ‘ಅಯ್ಯೋ, ನೀನೂನಾ?’ ‘ಮತ್ತೆ ನೀನು?’ ಎಂದು ತುಟಿಯಲ್ಲೇ ಕೇಳಿಕೊಂಡರು.

ಕೊನೆಗೆ ಕಂಬಕ್ಕೊರಗಿ ನಿಂತಿದ್ದ ಸೂಜಿ ಬಂದಳು. ದೊಡ್ಡಕ್ಕನ ಎದುರಿಗೆ ನಿಂತು, ಅವಳ ಮುಖವನ್ನೇ ನೋಡುತ್ತ, ಎರಡು ಕೈಯನ್ನೂ ಎರಡು ಕಿವಿಗೆ ಒಯ್ದು ಕೆಳಗೆ ಕೊಡವಿದಳು. ‘ಮೂರು ವರ್ಷ ಆಯ್ತು’ ಎಂದು ತುಟಿಯಾಡಿಸಿದಳು.

ಮೀಸೆಯಣ್ಣ ಪೆನ್ನು ಕೆಳಗಿಟ್ಟ. ಅವನ ಕಣ್ಣು ಅಗಲವಾಗಿತ್ತು. ‘ಹಾಗಾದ್ರೆ ಮೊನ್ನೆ ಎಲ್ರೂ ಕೈ ಎತ್ತಿದ್ದು?’

ದೊಡ್ಡಕ್ಕನ ಕಣ್ಣು ಅವನ ಮೀಸೆಯ ಮೇಲೆ ನಿಂತಿತು. ‘ಏನು?’ ಅಂದಳು. ಸುತ್ತಲಿದ್ದ ಹಳಬರೆಲ್ಲ ‘ಏನು?’ ಅಂದರು. ಗುಮಾಸ್ತನೇ ಎದ್ದು, ಅಚ್ಚುಕಟ್ಟಾಗಿ ತುಟಿ ತೆರೆದು ಅದನ್ನು ತಿರುಗಿ ಹೇಳಬೇಕಾಯಿತು.

‘ಮುಂದಿನವಳು ಎತ್ತಿದಳು, ನಾನೂ ಎತ್ತಿದೆ’ ಅಂದಳು ಒಬ್ಬಳು.

‘ನಂಗೂ ಹಾಗೇ.’

ಎಲ್ಲರ ಕಣ್ಣೂ ಮೊದಲ ಬೆಂಚಿನ ಕಾಳಜ್ಜಿಯ ಮೇಲೆ ಬಿತ್ತು. ‘ನನ್ನ ಯಾಕೆ ನೋಡ್ತೀರಿ?’ ಅಂದಳು ಅಜ್ಜಿ. ‘ನಾನು ನೊಣ ಓಡಿಸ್ತಿದ್ದೆ.’

ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ಅಜ್ಜಿ ಮೀಸೆಯಣ್ಣನ ಹತ್ತಿರ ಹೋಗಿ ಅವನ ಗಲ್ಲ ಹಿಡಿದಳು. ‘ನೋಡು ಮಗಾ, ನಮ್ಮ ಪರವಾಗಿ ಮಾತಾಡ್ತೀಯ, ದೊಡ್ಡ ಮನಸ್ಸು ನಿಂದು. ಆದ್ರೆ ಈ ಪೊದೆಯೊಳಗಿಂದ ಮಾತಾಡಿದ್ರೆ ನಮಗೇನು ಕಾಣ್ಸತ್ತೆ? ಬೋಳಿಸಿಕೊಂಡು ಬಾ. ತುಟಿ ಕಾಣೋ ಹಾಗೆ ಮಾತಾಡು.’

ಮೇಸ್ತ್ರಿ ನಗಲಿಲ್ಲ. ‘ಇಷ್ಟೂ ಜನ ಕಿವುಡರಾದ್ರೆ ಇಷ್ಟೂ ಜನ ಮನೆಗೆ’ ಅಂದ.

‘ಕಳಿಸಪ್ಪ’ ಅಂದಳು ಸೂಜಿ. ‘ಕಳಿಸಿ ನೀನೇ ಹಲಗೆ ಹತ್ತು. ಸಾಹುಕಾರರನ್ನೂ ಪಕ್ಕದಲ್ಲಿ ನಿಲ್ಲಿಸ್ಕೋ. ಹೊಟ್ಟೆ ಅಡ್ಡ ಬರದಿದ್ರೆ ಅವರೂ ಹತ್ತಿ ಹಾಕ್ತಾರೆ.’

ಮೀಸೆಯಣ್ಣ ಕಾಗದ ಮಡಿಸಿ ಜೇಬಿಗಿಟ್ಟ. ಊಟದ ಗಂಟೆ ಮುಗಿದರೂ ಯಾರೂ ಹಲಗೆ ಹತ್ತಲಿಲ್ಲ. ಬೇಲು ಹೊರುವ ಗಂಡಸರೂ ಬಂದು ಪಕ್ಕದಲ್ಲಿ ಕೂತರು. ಹೊರಗೆ ಗಾಡಿಯವರು ಕೂಗಾಡಿದರು. ಪಡುವಣದಲ್ಲಿ ಅಕಾಲದ ಮೋಡ ಕಟ್ಟುತ್ತಿತ್ತು, ಗಾಡಿಗಳ ಮೇಲಿನ ಹತ್ತಿಗೆ ಹೊದಿಕೆಯಿರಲಿಲ್ಲ. ಮೋಡ ಹತ್ತಿರ ಬಂದಷ್ಟೂ ಸಾಹುಕಾರ ಆಫೀಸಿನ ಬಾಗಿಲಿಗೆ ಹತ್ತಿರ ಬಂದ. ದೀಪ ಹಚ್ಚುವ ಹೊತ್ತಿಗೆ ಹೊಸ ಕಾಗದ ಬರೆದದ್ದಾಯಿತು. ಮಳೆ ನಾಲ್ಕು ಹನಿ ಹಾಕಿ ಹೋಯಿತು.

ಬೇಡಿದ್ದೆಲ್ಲ ಸಿಗಲಿಲ್ಲ. ಕೂಲಿ ಏರುವುದೆಂದಿದ್ದರಲ್ಲಿ ಅರ್ಧ ಮಾತ್ರ ಏರಿತು. ಸಭೆಯಲ್ಲಿ ಎಲ್ಲ ಕೇಳಿಸಿಕೊಂಡೇ ಕೈಯೆತ್ತಿದ್ದ, ಕಿವಿ ಗಟ್ಟಿಯಿದ್ದ ನಾಲ್ಕಾರು ಎಳೆಯ ಹುಡುಗಿಯರು ಅದಕ್ಕೆ ಮೂಗು ಮುರಿದರು. ಆದರೆ ಪರೀಕ್ಷೆ ಡಾಕ್ಟರದ್ದೇ ಆಗಬೇಕು, ಸಾಹುಕಾರನ ಗಂಟೆಯದ್ದಲ್ಲ ಎಂದಾಯಿತು. ಕಿವಿ ಪೂರ್ತಿ ಹೋದವರಿಗೆ ಕಾಳಿನ ಅಂಗಳದಲ್ಲಿ, ಅರಳೆಯ ಕಸ ಆರಿಸುವ ಕೋಣೆಯಲ್ಲಿ ಅದೇ ಕೂಲಿಗೆ ಕೆಲಸ. ಜಿನ್ನಿನ ಮುಂದೆ ಉಳಿದವರಿಗೆ ಕಿವಿಗೆ ಮುಚ್ಚಳ, ಪ್ರತಿ ಜಿನ್ನಿನ ಮೇಲೂ ಒಂದು ಕೆಂಪು ದೀಪ. ನಿಲ್ಲಿಸಬೇಕಾದರೆ ಕೂಗುವುದಲ್ಲ, ದೀಪ ಹೊತ್ತಿಸುವುದು. ಗುಬ್ಬಿಯನ್ನು ತಿರುಗಿ ಕರೆಯಬೇಕೆಂದೂ ಬರೆಸಿದರು. ಅವಳ ಬೆರಳಿನ ಪರಿಹಾರದ ಮಾತು ಮಾತ್ರ ಅಲ್ಲೇ ಉಳಿಯಿತು. ಅದಕ್ಕೆ ಮೀಸೆಯಣ್ಣ ಪಟ್ಟಣದ ಆಫೀಸುಗಳಿಗೆ ಇನ್ನೂ ಅಲೆಯುತ್ತಿದ್ದ.

ಡಾಕ್ಟರು ಬಂದು ದೊಡ್ಡಕ್ಕನ ಕಿವಿಗೆ ಯಂತ್ರವಿಟ್ಟು, ಸದ್ದು ಕೇಳಿದಾಗ ಕೈಯೆತ್ತಮ್ಮ ಅಂದ. ಅವಳು ಬಹಳ ಹೊತ್ತು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಕೇಳದ್ದಕ್ಕೆ ಕೈಯೆತ್ತದೆ ಸುಮ್ಮನೆ ಕೂರುವುದು ಎಷ್ಟು ಸುಖ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಮೈಯೆಲ್ಲ ಬಿಚ್ಚಿಕೊಂಡ ಹಾಗಾಗಿ ಅಲ್ಲೇ ತೂಕಡಿಕೆ ಬಂತು. ಹೊರಗೆ ಬೆಂಚಿನ ಮೇಲೆ ಯಾರೋ ಅಪರಿಚಿತ ಎಳೆಮುಖದವನು ಕೂತಿದ್ದ, ‘ಏನಕ್ಕಾ, ಆಯ್ತಾ?’ ಅಂದ. ಮಾತು ಸ್ಪಷ್ಟವಾಗಿ ಕಂಡ ಮೇಲೆಯೇ ಅವಳಿಗೆ ಅದು ಮೀಸೆಯಣ್ಣನೆಂದು ತಿಳಿದದ್ದು.

‘ಅಯ್ಯೋ ಅಣ್ಣಾ, ಹೆಂಡ್ತಿ ಮನೆಯೊಳಗೆ ಬಿಟ್ಕೊಂಡ್ಳಾ?’

‘ಗುರುತು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು’ ಅಂದ, ಇಲ್ಲದ ಮೀಸೆಯನ್ನು ಸವರಿಕೊಳ್ಳುತ್ತ.

ಆ ಸಂಜೆ ದೊಡ್ಡಕ್ಕ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. ನಾಳೆಯಿಂದ ಅವಳಿಗೆ ಅರಳೆ ಆರಿಸುವ ಕೋಣೆ, ಸೂಜಿಗೂ ಅಲ್ಲೇ. ಬೀದಿಯ ಕಡೆಯ ಬೇಲಿಯ ಬಾಗಿಲು ತೆರೆದು ಸೂಜಿ ಬಂದಳು. ಕೈಯಲ್ಲಿ ತುಂಬಿದ ಚೊಂಬು. ನೇರ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಹೇಳದೆ ಕೇಳದೆ ದೊಡ್ಡಕ್ಕನ ಪಾದದ ಹಳೆಯ ಕಲೆಯ ಮೇಲೆ ತಣ್ಣೀರು ಹನಿಸತೊಡಗಿದಳು.

‘ಏನೇ ಇದು?’

‘ನೀನು ಕೇಳಿದ ನೀರು. ಎರಡು ವರ್ಷ ತಡ ಆಯ್ತು.’ ಸೂಜಿ ತಲೆಯೆತ್ತಿದಳು, ತುಟಿ ಕಾಣಲೆಂದು. ‘ನಿನ್ನೆ ಭಾವ ಹೇಳಿದ್ರು, ನೀನು ಅವತ್ತು ಕೂಗಿದ್ದೆ ಅಂತ. ಆಣೆ ಮಾಡಿ ಹೇಳ್ತೀನಿ ಅಕ್ಕಾ, ಕೇಳ್ಸಿರಲಿಲ್ಲ. ನಾನು ತಲೆ ಬಾಚಿ ಒಳಗೆ ಹೋದೆ, ಅಷ್ಟೇ.’

ದೊಡ್ಡಕ್ಕ ಎರಡು ವರ್ಷ ನೋಡಿದ ಆ ಬೆನ್ನು ಈಗ ಬರಿಯ ಬೆನ್ನಾಗಿತ್ತು. ಎದೆಯಿಂದ ಒಂದು ಬೇಲು ಇಳಿಸಿದ ಹಾಗಾಯಿತು.

‘ಮಾರನೇ ದಿನ ಕಾಲು ಸುಟ್ಟಿದೆ ಅಂತ ತಿಳಿದು ಮುಲಾಮು ತಂದಿದ್ದೆ’ ಎಂದಳು ಸೂಜಿ. ‘ಬಾಗಿಲು ತಟ್ಟಿ ತಟ್ಟಿ ವಾಪಸ್ ಹೋದೆ. ನಿನಗೂ ಕೇಳ್ಸಿರಲಿಲ್ಲ, ಅಲ್ವಾ? ಸುಮ್ನೆ ನಿನ್ನ ಮೇಲೆ ಕೋಪ ಮಾಡ್ಕೊಂಡೆ.’

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ದೊಡ್ಡಕ್ಕ ಚೊಂಬಿನ ಕಡೆ ನೋಡಿದಳು, ಅಂಗಳದ ಕಡೆ ನೋಡಿದಳು. ಆ ದಿನಗಳಲ್ಲಿ ಅವಳಿಗೆ ಬಾಗಿಲ ಸದ್ದು ಇನ್ನೂ ಕೇಳುತ್ತಿತ್ತು.

‘ಕೇಳ್ಸಿತ್ತು ಕಣೇ’ ಅಂದಳು. ‘ನೀನೇ ಅಂತ ಗೊತ್ತಾಗಿಯೇ ತೆಗೀಲಿಲ್ಲ.’

ಸೂಜಿ ಅವಳನ್ನೇ ನೋಡಿದಳು. ಹುಬ್ಬು ಗಂಟಿಕ್ಕಿತು. ಆಮೇಲೆ ತುಟಿಯ ಒಂದು ತುದಿ ಮೇಲೆದ್ದಿತು.

‘ಹಾಗಾದ್ರೆ ನನ್ನ ಬಾಕಿ ತೀರ್ತು, ನಿಂದು ಉಳೀತು.’

‘ಮುಲಾಮು ನಾಳೆ ತಂದ್ಕೊಡ್ತೀನಿ, ಬೇಕಾದ್ರೆ.’

‘ಯಾರಿಗೆ ಬೇಕು ನಿನ್ನ ಮುಲಾಮು? ಬಾಕಿ ಹಾಗೇ ಇರ್ಲಿ. ದಿನವೆಲ್ಲ ಒಂದೇ ಕೋಣೇಲಿ ಕೂತು ಅರಳೆ ಆರಿಸ್ಬೇಕಲ್ಲ, ನಿನ್ನ ಬೈಯೋಕೆ ನಂಗೆ ಏನಾದ್ರೂ ಬೇಡ್ವಾ?’

ಚೊಂಬಿನಲ್ಲಿ ಉಳಿದಿದ್ದ ನೀರನ್ನೆಲ್ಲ ದೊಡ್ಡಕ್ಕನ ಕಾಲ ಮೇಲೆ ಸುರಿದು ಸೂಜಿ ಎದ್ದು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆಯಿಂದ ಒಂದು ಸಣ್ಣ ಕಲ್ಲು ಹಾರಿ ಬಂದು ದೊಡ್ಡಕ್ಕನ ಮಡಿಲಿಗೆ ಬಿತ್ತು. ತಿರುಗಿ ನೋಡಿದರೆ ಸೂಜಿ ಗೋಡೆಯ ಮೇಲೆ ಮುಖವಿಟ್ಟುಕೊಂಡು ನಿಂತಿದ್ದಳು.

‘ಚೊಂಬು ಅಲ್ಲೇ ಬಿಟ್ಟು ಬಂದೆ, ಕೊಡು’ ಎಂದು ಅವಳ ತುಟಿ ಹೇಳಿತು.